ಸೋಮವಾರ ಗಿರಿಜೆಯನ್ನು ಕಳಿಸಲ್ಲ

ಮಾಯಸಂದ್ರ
17-8-1978, ಗುರುವಾರ

ಬೀಗ ಶಂಭುಲಿಂಗಯ್ಯನಿಗೆ ಕರಿಬಸವಯ್ಯನ ಶರಣು.

ಈ ವಯಸ್ಸಲ್ಲಿ ನನ್ನ ಕೈಗೆ ಪೆನ್ನು ಹಿಡಿಸಿದೀಯಲ್ಲ, ಅದಕ್ಕೆ ಮೊದಲು ನಿನ್ನ ಬೈಬೇಕು. ನಾಲ್ಕನೇ ಕ್ಲಾಸಲ್ಲಿ ಮೇಷ್ಟ್ರ ಕೋಲು ಮುರಿದು ಹೊರಗೆ ಬಂದೋನು ನಾನು, ಪಕ್ಕದಲ್ಲಿ ಕೂತು ನಕ್ಕೋನು ನೀನು. ಎದುರಿಗೆ ಸಿಕ್ಕಿದ್ರೆ ಎರಡು ಮಾತಲ್ಲಿ ಮುಗೀತಿತ್ತು. ಆದರೆ ನಿನ್ನೆಯಿಂದ ನನಗೂ ಈ ಹಾಳು ಫ್ಲೂ ಜ್ವರ ಹಿಡಿದು ನಡು ಎತ್ತೋಕಾಗ್ತಿಲ್ಲ. ಕೆಮ್ಮೋರು ಊರೂರು ತಿರುಗಬೇಡಿ ಅಂತ ತುರುವೇಕೆರೆ ಡಾಕ್ಟರಮ್ಮ ಬೇರೆ ಹೇಳವಳೆ. ಸೋಮವಾರ ಮಗಳನ್ನ ಕಳಿಸು ಅಂತ ನೀನು ಎರಡು ಸಲ ಹೇಳಿಕಳಿಸಿದೆ, ನಾನು ಉತ್ತರ ಕೊಡಲಿಲ್ಲ. ತಪ್ಪು ಅಂತೀಯ, ಅನ್ನು. ನಿನ್ನ ಮಗಳ ಉಸಿರು ನೋಡ್ಕೊಂಡು ಕೂತಿದ್ದೋನಿಗೆ ಬೇರೆ ಯಾವುದೂ ತಲೇಲಿರಲಿಲ್ಲ.

ಏಳು ತಿಂಗಳ ಬಸುರಿ ಗಿರಿಜೆಗೆ ಹೋದ ಶುಕ್ರವಾರ ಮೂಗು ಸೋರಿ ಮೈ ಬಿಸಿ ಆಯ್ತು. ಮನೇಲಿ ಒಬ್ಬೊಬ್ಬರಿಗೇ ಬಂದು ಇಳೀತಿತ್ತು, ಇವಳಿಗೂ ಇಳಿಯುತ್ತೆ ಅಂದ್ಕೊಂಡ್ವಿ. ನಮ್ಮನೆಯೋಳು ಅವಳನ್ನ ಕೊಬ್ಬರಿ ಅಟ್ಟದ ಕೆಳಗಿನ ಕೋಣೇಲಿ ಬೆಚ್ಚಗೆ ಮಲಗಿಸಿ ಕಿಟಕಿ ಮುಚ್ಚಿದಳು. ಮಳೆಗಾಲದಲ್ಲಿ ಅಟ್ಟದ ಕಾಯಿಗೆ ಬೂಸ್ಟು ಹಿಡೀಬಾರದು ಅಂತ ಕೆಳಗೆ ಸಿಪ್ಪೆ ಹೊಗೆ ಹಾಕೋದು ನಿನಗೆ ಗೊತ್ತಿರೋದೆ. ಶೀತ ಆದೋರನ್ನ ನಮ್ಮ ಸೀಮೇಲಿ ಅಲ್ಲೇ ತಾನೆ ಮಲಗಿಸೋದು. ಮಂಗಳವಾರ ಬೆಳಗ್ಗೆ ನೋಡ್ತೀನಿ, ಹುಡುಗಿ ಗೋಡೆಗೆ ಒರಗಿ ಕೂತವಳೆ, ತುಟಿ ನೇರಳೆಹಣ್ಣು ತಿಂದಂಗಾಗೈತೆ, ಒಂದು ಮಾತಿಗೆ ಎರಡು ಸಲ ಉಸಿರು ಎಳೀತಾಳೆ. ರಸ್ತೇಲಿ ಹೋಗ್ತಿದ್ದ ಲಾರಿಗೆ ಅಡ್ಡ ನಿಂತು ತುರುವೇಕೆರೆ ಆಸ್ಪತ್ರೆಗೆ ಹಾಕ್ಕೊಂಡು ಹೋದ್ವಿ.

ಡಾಕ್ಟರಮ್ಮನಿಗೆ ಅವಳ ಸೀರೆಯ ಹೊಗೆವಾಸನೆ ಹೊಡೀತು. "ಏನ್ರೀ ಯಜಮಾನ್ರೆ, ಸೊಸೇನ ಕೊಬ್ಬರಿ ಮಾಡೋಕಿಟ್ಟಿದ್ರಾ" ಅಂದಳು. ನನಗೆ ಹಂಗೆ ಅನ್ನೋರು ಈ ತಾಲ್ಲೂಕಲ್ಲೇ ಇಲ್ಲ. ಆಮೇಲೆ ಬಿಡಿಸಿ ಹೇಳಿದಳು. ಕೂಸು ಬೆಳೆದಂಗೆಲ್ಲ ಹೊಟ್ಟೆ ಮೇಲಕ್ಕೊತ್ತಿ ಬಸುರಿಗೆ ಉಸಿರಾಡೋ ಜಾಗವೇ ಕಮ್ಮಿಯಂತೆ. ನಮಗೆ ಬಂದು ಹೋಗೋ ಜ್ವರ ಅವರಿಗೆ ಎದೆಗೆ ಇಳಿಯುತ್ತಂತೆ. ಇವಳಿಗೆ ಇಳಿದೈತೆ, ನ್ಯುಮೋನಿಯಾ. ಆ ಹೊಗೆ ಅದನ್ನ ಇನ್ನೂ ಕೆಡಿಸೈತಂತೆ. ಜ್ವರ ಏರಿದರೆ ದಿನ ತುಂಬೋ ಮೊದಲೇ ನೋವು ಬರಬಹುದು, ಕೂಸು ದಕ್ಕೋದು ಕಷ್ಟ, ತಾಯೀದೂ ಹೇಳೋಕಾಗಲ್ಲ ಅಂದಳು. ಅಲ್ಲೇ ಮಲಗಿಸ್ಕೊಂಡು ಇಂಜೆಕ್ಷನ್ ಕೊಡ್ತಾವ್ರೆ. ಆದರೂ ತುಮಕೂರಿನ ದೊಡ್ಡಾಸ್ಪತ್ರೆಗೆ ಸೇರಿಸಿ, ಆಕ್ಸಿಜನ್ ಬೇಕಾಗುತ್ತೆ ಅಂತಾಳೆ.

ನಿನ್ನ ಮಗಳು ಹೋಗಲ್ಲ ಅಂತಾಳೆ.

"ಸೋಮವಾರ ಅಪ್ಪಯ್ಯ ಮಡಿಲು ತುಂಬಿಸೋಕೆ ಕರ್ಕೊಂಡು ಹೋಗ್ತಾರೆ. ನೆಂಟರಿಗೆಲ್ಲ ಹೇಳಿ ಆಗೈತೆ. ನಾನು ತುಮಕೂರಲ್ಲಿ ಬಿದ್ಕೊಂಡ್ರೆ ಅಪ್ಪಯ್ಯನ ಮರ್ಯಾದೆ ಏನಾಗುತ್ತೆ ಮಾವ" ಅಂತ ನನ್ನನ್ನೇ ಕೇಳ್ತಾಳೆ, ಅದೂ ಉಸಿರು ಸಿಕ್ಕಿದಾಗ. ಅವಳ ಗಂಡ ಕಾಲು ಹಿಡಿಯೋದೊಂದು ಬಾಕಿ. ಎತ್ತಿ ಹಾಕ್ಕೊಂಡು ಹೋಗೋಣ ಅಂದ್ರೆ, ಅತ್ತು ಕೂಗಾಡಿ ಇರೋ ಉಸಿರೂ ಕಳ್ಕೊಂತಾಳೆ, ಬಲವಂತ ಬೇಡ ಅಂತಾಳೆ ಡಾಕ್ಟರಮ್ಮ. ಈ ಹಠ ಯಾರ ಮನೇದು ಅಂತ ನಾನು ಬರೀಬೇಕಾಗಿಲ್ಲ.

ನೀನೇನಂದೆ. ನಮ್ಮಿಬ್ಬರ ತೋಟದಲ್ಲೂ ಕಾಯಿ ಕೆಡವೋ ಗಂಗಯ್ಯ ಅವಳಿಗೆ ಜ್ವರ ಅಂದಿದ್ದಕ್ಕೆ, "ಬೀಗರಿಗೆ ಕಳಿಸೋಕೆ ಮನಸ್ಸಿಲ್ಲ ಕಣ್ಲಾ, ನೆಪ" ಅಂದೆಯಂತೆ. ನಿಮ್ಮ ದಂಡಿನಶಿವರದಲ್ಲೂ ಮನೆಮನೇಲಿ ಕೆಮ್ತಾವ್ರಂತೆ, ಅವಳವ್ವನೂ ಸೇರಿ. ಬಾಣಂತನಕ್ಕೆ ಅಂತ ನೀವೂ ಅಟ್ಟದ ಕೆಳಗಿನ ಕೋಣೆಗೇ ಸುಣ್ಣ ಬಳಿದಿದೀರಂತೆ. ಊರ ಮುತ್ತೈದೆಯರೆಲ್ಲ ಒಬ್ಬರ ಹಿಂದೊಬ್ಬರು ಮುಖದ ಹತ್ರ ಬಗ್ಗಿ ಮಡಿಲಿಗೆ ಕೊಬ್ಬರಿ ಹಾಕೋವಾಗ ಯಾರ ಕೆಮ್ಮನ್ನ ಯಾರು ತಡೀತೀರ.

ನಾನು ಕಳಿಸಲ್ಲ. ಆದರೆ ನನ್ನ ಮಾತು ಅವಳಿಗೆ ಮಾವನ ಮಾತು. ಅಪ್ಪನ ಮಾತು ಬೇಕು. ತುರುವೇಕೆರೆ ಆಸ್ಪತ್ರೆಗೆ ನೀನೊಬ್ಬನೇ ಬಾ. ಕೆಮ್ಮಿದ್ದರೆ ಬರಬೇಡ, ಬರೆದು ಕಳಿಸು. ಶಾಸ್ತ್ರ ಆಮೇಲಾಗಲಿ, ತುಮಕೂರಿಗೆ ಹೋಗು ಮಗಳೇ, ಅಂತ ನಿನ್ನ ಕೈಬರಹದಲ್ಲಿ ಇದ್ದರೆ ಸಾಕು.

ನಿಮ್ಮ ಮಕ್ಕಳಿಗೆ ನನ್ನ ಆಶೀರ್ವಾದ. ಅವಳವ್ವನಿಗೆ ಬಿಸಿನೀರು ಕುಡಿದು ಮಲಗೋಕೆ ಹೇಳು, ರೇಗಬೇಡ. ಶಿವ ನಿಮ್ಮನ್ನ ಕಾಯಲಿ.

ಇಂತಿ,
ಕರಿಬಸವಯ್ಯ

ಇನ್ನೊಂದು. ಮರೆತಿದ್ದೆ ಅಂತ ಬರೆದರೆ ಸುಳ್ಳಾಗುತ್ತೆ. ನನ್ನ ತಂಗಿ ಸಿದ್ದಮ್ಮ ನಿನ್ನ ಮೊದಲ ಹೆಂಡತಿ. ಐವತ್ತೇಳರಲ್ಲಿ ಅವಳು ಬಸುರಿಯಾಗಿದ್ದಾಗಲೂ ಊರಿಗೆಲ್ಲ ಹಿಂಗೇ ಫ್ಲೂ ಬಂದಿತ್ತು, ಮಡಿಲು ತುಂಬೋ ದಿನ ಗೊತ್ತಾಗಿತ್ತು. ನೀನು ಬಾಗಿಲಿಗೆ ಅಡ್ಡ ನಿಂತು, "ಮೈ ಸುಡ್ತೈತೆ ಮಾವ, ಕಳಿಸಲ್ಲ" ಅಂದೆ. ನಮ್ಮಪ್ಪ ನೆಂಟರಿಗೆ ಏನು ಹೇಳಲಿ ಅಂತ ಕರ್ಕೊಂಡೇ ಬಂದ. ಅವಳನ್ನ ಮಲಗಿಸಿದ್ದೂ ಇದೇ ಅಟ್ಟದ ಕೆಳಗೆ. ಅವಳನ್ನೂ ಕೂಸನ್ನೂ ತೋಟದ ಮೂಲೇಲಿ ಒಂದೇ ಗುಂಡೀಲಿ ಇಟ್ವಿ. ಅವತ್ತಿಂದ ನೀನು ಅವಳ ಹೆಸರೆತ್ತಿಲ್ಲ, ನಿನ್ನನ್ನ ಭಾವ ಅನ್ನೋಕೆ ನನಗೂ ಬಾಯಿ ಬಂದಿಲ್ಲ. ಆ ಕೋಣೆಗೆ ನಿನ್ನೆ ಬೀಗ ಹಾಕಿದೀನಿ.

ಭಾವ, ಅವತ್ತು ನೀನು ನಿಂತಿದ್ದ ಬಾಗಿಲಲ್ಲಿ ಇವತ್ತು ನಾನು ನಿಂತಿದೀನಿ. ನಮ್ಮಪ್ಪನ ಜಾಗದಲ್ಲಿ ನೀನು ನಿಲ್ಲಬೇಡ.

ಗಂಗಯ್ಯನ ಕೈಲಿ ಇದನ್ನ ಕಳಿಸ್ತಿದೀನಿ. ಅವನು ನಿಮ್ಮ ಜಗಲಿ ಬಿಟ್ಟು ಏಳಲ್ಲ. ನಾಳೆ ಹದಿನೆಂಟನೇ ತಾರೀಕು, ಶುಕ್ರವಾರ ಮಧ್ಯಾಹ್ನದೊಳಗೆ ನನಗೆ ಉತ್ತರ ಬೇಕು.