ಮೆಲುದನಿಯ ಪರೀಕ್ಷೆ

ಮೊಳಕಾಲ್ಮೂರು
17 ಜನವರಿ 2004, ಶನಿವಾರ ಸಂಜೆ

ಮಹಾಜನಗಳೇ! ಮುಂದೆ ಚಾಪೆ ಹಾಸಿ ಕೂತ ತಾಯಂದಿರೇ, ಹಿಂದೆ ಗಾಡಿಯ ಮೇಲೆ ನಿಂತ ಅಣ್ಣತಮ್ಮಂದಿರೇ, ಬೇವಿನ ಮರ ಹತ್ತಿ ಕೂತ ಪುಂಡರೇ!

ಕ್ಷಮಿಸಿ, ಇರ್ಫಾನಾ ಮೇಡಂ. ಈ ಕಾಗದ ಓದುವವರು ನೀವೊಬ್ಬರೇ ಎಂದು ಗೊತ್ತು. ಆದರೆ ಹಳ್ಳಿ ಹಳ್ಳಿಯ ನಾಟಕಗಳಲ್ಲಿ ರಾಜಪಾರ್ಟು ಮಾಡಿ ಬೆಳೆದ ಗಂಟಲು ನನ್ನದು. ನಾಲ್ಕು ಜನರನ್ನು ಕೂಡಿಸಿಕೊಳ್ಳದೆ ಮಾತೇ ಹೊರಡುವುದಿಲ್ಲ. ನಿಮ್ಮ ತಂದೆ ವಲಿಸಾಬರಿಗೆ ಇದು ಚೆನ್ನಾಗಿ ಗೊತ್ತು. ಚಳ್ಳಕೆರೆಯಲ್ಲಿ ನಮ್ಮ ನಾಟಕ ಇದ್ದರೆ ಲಾರಿ ಗ್ಯಾರೇಜಿಗೆ ಬೀಗ ಹಾಕಿ ಬಂದು ಮುಂದಿನ ಸಾಲಿನಲ್ಲೇ ಕೂರುತ್ತಿದ್ದರು. "ಸೈಲೆನ್ಸರ್ ಬಿಚ್ಚಿದ ಗಾಡೀನೂ ಇಷ್ಟು ಸದ್ದು ಮಾಡಲ್ಲ ಮೇಷ್ಟ್ರೇ" ಎಂದು ಆಮೇಲೆ ಬಂದು ಬೆನ್ನು ತಟ್ಟುತ್ತಿದ್ದರು. ಅವರ ಪಕ್ಕದಲ್ಲಿ ಎರಡೂ ಕಿವಿ ಮುಚ್ಚಿಕೊಂಡು ಒಂದು ಪುಟ್ಟ ಹುಡುಗಿ ಕೂತಿರುತ್ತಿದ್ದಳು. ಅದು ನೀವು. ಆಮೇಲೆ ಎಂಟನೇ ಕ್ಲಾಸಿನಲ್ಲಿ ನನ್ನ ಶಿಷ್ಯೆಯಾದಿರಿ. ಈಗ ಈ ದೊಡ್ಡಪಾಲಯ್ಯ ಮೇಷ್ಟ್ರು ಭಾನುವಾರ ಭಾನುವಾರ ಚಳ್ಳಕೆರೆಯ ಎಂ.ಎ. ತರಗತಿಗೆ ಬಂದು ನಿಮ್ಮ ಮುಂದೆ ಬೆಂಚಿನ ಮೇಲೆ ಕೂರುತ್ತಾನೆ. ಬದುಕಿನ ಈ ಅಂಕ ಬರೆದವನು ಯಾರೋ, ಅವನಿಗೊಂದು ಹಾರ ಹಾಕಬೇಕು.

ವಿಷಯಕ್ಕೆ ಬರುತ್ತೇನೆ. ಈ ಕಾಗದದ ಜೊತೆ ಒಂದು ಕ್ಯಾಸೆಟ್ ಇದೆ. ನಮ್ಮ ಎಂ.ಎ. ಪ್ರಾಯೋಗಿಕ ಪರೀಕ್ಷೆಗಾಗಿ ಒಬ್ಬ ವಿದ್ಯಾರ್ಥಿಯ ಜೊತೆ ಆಪ್ತಸಲಹೆಗೆ ಕೂತು, ಆ ಮಗುವಿನ ಒಪ್ಪಿಗೆ ಪಡೆದು, ರೆಕಾರ್ಡು ಮಾಡಿ ತರಬೇಕು ಎಂದಿದ್ದಿರಲ್ಲ, ಅದು. ನಮ್ಮ ಶಾಲೆಯ ಇಫ್ತಿಕಾರ್ ಮೇಷ್ಟ್ರು ಸಂಜೆ ಬಸ್ಸಿಗೆ ಚಳ್ಳಕೆರೆಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಮೊದಲನೇ ಮುಖದಲ್ಲಿ ನೀವು ಕಲಿಸಿದ ಮೆಲುದನಿ ಇದೆ. ಎರಡನೇ ಮುಖದಲ್ಲಿ ನಾನು ಗುಡುಗಿದ್ದೇನೆ. ಅದನ್ನು ಕೇಳಿ ನನ್ನನ್ನು ಫೇಲ್ ಮಾಡುವ ಮುಂಚೆ ದಯವಿಟ್ಟು ಇದನ್ನು ಓದಿ.

ಮೆಲುದನಿ ಕಲಿಯಲು ನಾನು ಪಟ್ಟ ಪಾಡು ನೀವೇ ಕಂಡಿದ್ದೀರಿ. ತರಗತಿಯಲ್ಲಿ ಪಾತ್ರ ಹಂಚಿ ಅಭ್ಯಾಸ ಮಾಡಿಸಿದ ದಿನ ಫೇಲಾದ ಹುಡುಗನ ಪಾತ್ರ ಮಾಡಿ, ಜೊತೆಗೆ ಕಲಿಯುವ ನನ್ನಂಥ ಹೆಡ್‌ಮಾಸ್ಟರುಗಳನ್ನೆಲ್ಲ ಅಳಿಸಿದೆ. ಸಲಹೆಗಾರನ ಪಾತ್ರಕ್ಕೆ ಕೂರಿಸಿದಾಗ ಭಾಷಣವನ್ನೇ ಬಿಗಿದೆ. ನೀವು ಕೈ ಎತ್ತಿ ತಡೆದು, "ಸಾರ್, ಅಳ್ತಿರೋ ಹುಡುಗನಿಗೆ ನಿಮ್ಮ ಮಾತು ಮುಗಿಯೋವರೆಗೆ ಕಾಯೋ ಪುರುಸೊತ್ತು ಇರಲ್ಲ" ಎಂದಿರಿ. ಅವತ್ತಿನಿಂದ ದೇವಸಮುದ್ರದ ನನ್ನ ಮನೆಯಲ್ಲಿ ಹೆಂಡತಿ ಸೂರಮ್ಮನ ಎದುರು ಕೂತು ಪಿಸುಪಿಸು ಅಭ್ಯಾಸ. ಅವಳೋ, "ಜ್ವರ ಗಿರ ಬಂದೈತೇನ್ರೀ?" ಎಂದು ಹಣೆ ಮುಟ್ಟಿ ನೋಡಿದಳು. ಶೈಕ್ಷಣಿಕ ನಾಯಕತ್ವದ ಪತ್ರಿಕೆಯಲ್ಲಿ ನನಗೆ ಎಲ್ಲರಿಗಿಂತ ಹೆಚ್ಚು ಅಂಕ ಬಂತು. ಹೇಳುವುದು ನನಗೆ ಗೊತ್ತಿತ್ತು. ಕೇಳುವುದರಲ್ಲೇ ತೊಡಕು.

ಹುಡುಗಿಯನ್ನು ತೇಜಶ್ರೀ ಎಂದು ಕರೆಯೋಣ. ಅಸಲಿ ಹೆಸರು ಬರೆಯಬಾರದೆಂಬುದು ನಿಮ್ಮ ನಿಯಮ. ಅವಳ ಅಪ್ಪನಿಗೂ ಮಾರಣ್ಣ ಎಂದು ಪಾತ್ರದ ಹೆಸರು ಕೊಟ್ಟಿದ್ದೇನೆ. ಇಲ್ಲೇ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುತ್ತಾನೆ, ನಮ್ಮ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತಾನೆ. ನಿಮಗೆ ಗುರುತು ಸಿಕ್ಕರೂ ಸಿಗದವರಂತೆ ಇರಿ. ಪುಟ್ಟವಳಾಗಿದ್ದಾಗಿನಿಂದ ತೇಜಶ್ರೀ ಹಾಡಿದ ಮೇಲೆಯೇ ನಮ್ಮ ಪರದೆ ಏಳುತ್ತಿತ್ತು. ಏಳನೇ ಕ್ಲಾಸಿನವರೆಗೆ ಓದಿನಲ್ಲೂ ಮುಂದು. ಈಗ ಒಂಬತ್ತನೆಯದು, ಬಾಯಿ ಬಿಡುವುದಿಲ್ಲ. ಲೆಕ್ಕದ ಅನ್ನಪೂರ್ಣಮ್ಮ ಮೇಡಂ ಮೆದು ಮಾತಿನವರು, ಕೋಪ ಬಂದರೂ ದನಿ ಏರದು. ಅಂಥವರೇ, "ಮೊಂಡು ಸಾರ್, ಏನು ಕೇಳಿದ್ರೂ ಕಲ್ಲು ಕೂತಂಗೆ ಕೂತಿರ್ತಾಳೆ" ಎಂದರು.

ಮಾರಣ್ಣ ಸಂಕ್ರಾಂತಿಗೆ ಮೊದಲೇ ಟಿ.ಸಿ. ಕೇಳಿಕೊಂಡು ಬಂದ. "ಹಾಡೂ ಕೆಡಿಸ್ಕಂಡ್ಳು, ಓದೂ ಕೆಡಿಸ್ಕಂಡ್ಳು. ಬೇಕಂತ್ಲೇ ಶ್ರುತಿ ತಪ್ಪಿಸ್ತಾಳೆ ಕಣಯ್ಯಾ. ಮಗ್ಗದ ಮುಂದಾದ್ರೂ ಕೂರ್ಲಿ" ಎಂದ. ಹಬ್ಬ ಕಳೆಯಲಿ ಎಂದು ಕಾಲ ಕೇಳಿದೆ. "ಸೋಮವಾರ ಬರ್ತೀನಿ. ಆಮೇಲೆ ನಿನ್ನ ಡೈಲಾಗು ನಡೆಯಲ್ಲ" ಎಂದು ಹೋದ. ನಾಡಿದ್ದೇ ಆ ಸೋಮವಾರ.

ವಿಜ್ಞಾನದ ಕೋಣೆಯಲ್ಲಿ ತೇಜಶ್ರೀಯನ್ನು ಕೂರಿಸಿ ಟೇಪು ಹಾಕಿದೆ. ಹೂವು ಇಟ್ಟಂತೆ ಮಾತು ಇಟ್ಟೆ. ಅವಳು ನನ್ನ ಮೀಸೆಯನ್ನೇ ನೋಡುತ್ತಾಳೆ! ಶಾಲೆ ಬಿಡುತ್ತೀಯಾ ಎಂದರೆ ತಲೆ ಆಡಿಸಿದಳು. ಶಾಲೆಯಲ್ಲೇ ಇರುತ್ತೀಯಾ ಎಂದರೂ ತಲೆ ಆಡಿಸಿದಳು. ಎರಡನೇ ದಿನವೂ ಅದೇ. ಮಗು ಮೌನವಾಗಿದ್ದರೆ ನಾವೂ ಮೌನವಾಗಿರಬೇಕು ಎಂದಿದ್ದಿರಿ. ಇದ್ದೆ ತಾಯಿ, ಬೆವರು ಸುರಿಸಿಕೊಂಡು ಇದ್ದೆ. ಕ್ಯಾಸೆಟ್ಟಿನಲ್ಲಿ ಫ್ಯಾನಿನ ಸದ್ದು ಕೇಳಿಸುತ್ತದಲ್ಲ, ಅದು ನನ್ನ ತಾಳ್ಮೆಯ ಸದ್ದು.

ಮೂರನೇ ದಿನ ಕಟ್ಟೆ ಒಡೆಯಿತು. "ಏಯ್ ತೇಜಶ್ರೀ! ಈ ಸ್ಕೂಲು ಬಿಡೋಕೆ ನಿನಗೆ ಇಷ್ಟ ಐತೋ ಇಲ್ವೋ, ಅದೊಂದು ಹೇಳು!" ಕಿಟಕಿಯ ಗಾಜು ನಡುಗಿತು. ಜವಾನ ಯರ್ರಪ್ಪ ಓಡಿ ಬಂದು, "ಪಾರ್ಟು ಪ್ರಾಕ್ಟೀಸಾ ಸಾರ್?" ಎಂದು ಇಣುಕಿದ. ನಾನು ಮುಗಿಯಿತು ನನ್ನ ಎಂ.ಎ. ಎಂದುಕೊಂಡೆ. ಆದರೆ ಹುಡುಗಿ ತಟ್ಟನೆ ಮುಖ ಎತ್ತಿ, "ಇಲ್ಲ ಸಾರ್, ಬಿಡೋಕೆ ಇಷ್ಟ ಇಲ್ಲ" ಎಂದಳು, ಸ್ಪಷ್ಟವಾಗಿ, ಪರದೆಯ ಹಿಂದಿನಿಂದ ಹಾಡುತ್ತಿದ್ದಳಲ್ಲ, ಅದೇ ದನಿಯಲ್ಲಿ.

ಖುಷಿಯಾಗಿ ಮತ್ತೆ ಮೆಲುದನಿಗೆ ಇಳಿದೆ. ಮತ್ತೆ ಮೀಸೆ ನೋಡತೊಡಗಿದಳು. ಬಾಗಿಲು ಹಾಕಲು ಅವಳ ಹಿಂದೆ ಹೋದವನು ಅಲ್ಲಿಂದಲೇ, "ಊಟ ಮಾಡಿದೆಯಾ ಮಗೂ?" ಎಂದೆ. ಉತ್ತರವಿಲ್ಲ, ಬೆನ್ನು ಸಹ ಅಲುಗಲಿಲ್ಲ. ಆಗ ಈ ಪೆದ್ದ ರಾಜಪಾರ್ಟಿಗೆ ಬೆಳಕಾಯಿತು. ಮೀಸೆಯನ್ನಲ್ಲ, ಅದರ ಕೆಳಗೆ ಮುಚ್ಚಿಹೋದ ತುಟಿಯನ್ನು ಅವಳು ಹುಡುಕುತ್ತಿದ್ದಳು.

ಇನ್ನೊಂದು ಪೇಚು ನೋಡಿ. ಗುಟ್ಟು ಕಾಯಬೇಕು ಎಂಬುದು ನಿಮ್ಮ ಮೊದಲ ಪಾಠ. ಕೂಗಿದರೆ ಮಾತ್ರ ಕೇಳಿಸುವ ಮಗುವಿನ ಜೊತೆ ಗುಟ್ಟು ಆಡುವುದು ಹೇಗೆ? ಬಾಗಿಲಲ್ಲಿ ಯರ್ರಪ್ಪನ ಕಿವಿ ಬೇರೆ. ಟೇಪು ಎತ್ತಿಕೊಂಡು ಅವಳನ್ನು ಆಟದ ಮೈದಾನದ ನಟ್ಟನಡುವೆ ಕರೆದುಕೊಂಡು ಹೋಗಿ ಕೂತೆ. ಎರಡನೇ ಮುಖದಲ್ಲಿ ಗಾಳಿ ಮೊರೆಯುವುದು ಅದಕ್ಕೇ.

ಅಲ್ಲಿ ಪೂರ್ತಿ ಗಂಟಲು ಬಿಟ್ಟು ಕೇಳಿದೆ: "ಕಿವಿ ಕೇಳಿಸಲ್ವೇನವ್ವಾ?"

ಅವಳು ಅತ್ತಳು. ಎಲ್ಲ ಹೇಳಿದಳು. ಎರಡು ವರ್ಷದಿಂದ ಸದ್ದುಗಳು ದೂರ ದೂರ ಸರಿಯುತ್ತಿವೆಯಂತೆ. ಮನೆಯಲ್ಲಿ ಯಾರಿಗೂ ಗೊತ್ತಾಗಿಲ್ಲ. ನೇಯುವ ಮನೆ, ಬೆಳಗಿನಿಂದ ಮಗ್ಗದ ಟಕಟಕ, ಅದರ ಮೇಲೆ ಎಲ್ಲರೂ ಕೂಗಿಯೇ ಮಾತಾಡುತ್ತಾರೆ, ಕೈಸನ್ನೆಯಲ್ಲೇ ನೂಲು ಕೇಳುತ್ತಾರೆ. ಹಾಡುವಾಗ ಹಾರ್ಮೋನಿಯಂನ ಮರದ ಮೇಲೆ ಅಂಗೈ ಇಟ್ಟು, ಅದರ ನಡುಕದಿಂದ ಶ್ರುತಿ ಹಿಡಿಯುತ್ತಿದ್ದಳಂತೆ. ಈಗೀಗ ಅದೂ ಸಿಗುತ್ತಿಲ್ಲ. ಹಾಗಿದ್ದರೂ ಶಾಲೆಗೆ ಯಾಕೆ ಬರುತ್ತೀ ಎಂದೆ. "ಬೆಳಿಗ್ಗೆ ಪ್ರಾರ್ಥನೆ ಆದ್ಮೇಲೆ ಮೈಕಿಲ್ದೆ ಮಾತಾಡ್ತೀರಲ್ಲ ಸಾರ್, ಅದೊಂದು ಪೂರ್ತಿ ಕೇಳಿಸ್ತೈತೆ. ಉಳಿದಿದ್ದು ಬುಕ್ಕಲ್ಲಿ ಓದ್ಕಂತೀನಿ" ಎಂದಳು.

ಮೇಡಂ, ಇಷ್ಟು ವರ್ಷ ನನಗೆ ಎಷ್ಟೋ ಸಲ ಚಪ್ಪಾಳೆ ಬಿದ್ದಿದೆ. ಆ ಮಾತಿನ ಮುಂದೆ ಅವೆಲ್ಲ ಸಣ್ಣವು.

ಅಪ್ಪನಿಗೆ ಹೇಳೋಣವೇ, ಚಿತ್ರದುರ್ಗದ ಆಸ್ಪತ್ರೆಯಲ್ಲಿ ತೋರಿಸೋಣ ಎಂದೆ. ಕೈ ಮುಗಿದಳು. "ಬ್ಯಾಡ ಸಾರ್. ಮೊಂಡು ಅಂದ್ಕಂಡ್ರೆ ಬೈತಾನೆ, ಅಷ್ಟೇ. ಕಿವಿ ಹೋಯ್ತು ಅಂದ್ರೆ ಹಾರ್ಮೋನಿಯಂ ಪೆಟ್ಟಿಗೆ ಮುಟ್ಟೋದೇ ಬಿಡ್ತಾನೆ." ಅವಳು ಒಪ್ಪುವವರೆಗೆ ಅಪ್ಪನಿಗೆ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ನನಗೆ ಕಲಿಸುವ ಮೇಡಂಗೆ ಮಾತ್ರ ಹೇಳಬಹುದೇ ಎಂದು ಕೇಳಿ, ಅವಳು ಹೂಂ ಅಂದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ.

ನಿನ್ನೆ ಬಸ್‌ಸ್ಟ್ಯಾಂಡಿನಲ್ಲಿ ಮಾರಣ್ಣ ಹಿಡಿದುಕೊಂಡ. "ನಮ್ಮ ಹುಡುಗಿ ಏನಂದ್ಳು? ನಾನು ಹೆತ್ತಪ್ಪ ಕಣಯ್ಯಾ" ಎಂದ. ಅವಳನ್ನೇ ಕೇಳು ಎಂದೆ. ಆತ ನನ್ನ ಮುಖವನ್ನೇ ನೋಡಿ, "ಪಾಲಯ್ಯಾ, ನಿನ್ನ ಬಾಯಲ್ಲಿ ಮಾತು ನಿಂತಿದ್ದು ನಾನು ನೋಡೇ ಇಲ್ಲ. ನಂಗೆ ಭಯ ಆಗ್ತೈತೆ" ಎಂದು ನನ್ನ ತೋಳು ಬಿಟ್ಟ. ನಿಮ್ಮ ಮೌನದ ಪಾಠ ಇಷ್ಟು ಭಾರ ಎಂದು ಪುಸ್ತಕದಲ್ಲಿ ಬರೆದಿರಲಿಲ್ಲ.

ಹೆಡ್‌ಮಾಸ್ಟರಾಗಿ ನನ್ನ ಕೈಲಾದದ್ದು ಇಷ್ಟೇ: ಬೋರ್ಡಿನ ಕಡೆ ತಿರುಗಿಕೊಂಡು ಯಾರೂ ಪಾಠ ಮಾಡಬೇಡಿ, ಹಿಂದಿನ ಬೆಂಚಿಗೂ ಕೇಳಿಸುವಂತೆ ಮಾತಾಡಿ ಎಂದು ಮೇಷ್ಟ್ರುಗಳಿಗೆಲ್ಲ ಹೇಳಿದೆ. ಕಾರಣ ಹೇಳಲಿಲ್ಲ. ಅಧಿಕಾರದ ಅಮಲು ಏರಿದೆ ಎಂದು ಸ್ಟಾಫ್‌ರೂಮಿನಲ್ಲಿ ಗೊಣಗುತ್ತಿದ್ದಾರೆ. ಗೊಣಗಲಿ. ಆದರೆ ಸೋಮವಾರ ಮಾರಣ್ಣ ಬಂದು ನಿಂತರೆ, ಕಾರಣ ಹೇಳದೆ ಟಿ.ಸಿ. ತಡೆಯುವುದು ಹೇಗೆ? ಕೊಟ್ಟ ಮಾತು ಮುರಿದರೆ ಆ ಮಗು ಇನ್ನು ಯಾರನ್ನು ನಂಬೀತು?

ನಾಳೆ ಹನ್ನೊಂದು ಗಂಟೆಗೆ ನಿಮ್ಮ ಮೌಖಿಕ ಪರೀಕ್ಷೆ. ತಪ್ಪಿಸಿಕೊಂಡವರು ಮುಂದಿನ ವರ್ಷವೇ ಬರಬೇಕು ಎಂದು ಎಚ್ಚರಿಸಿದ್ದೀರಿ. ಬಂದು ಕೈಕಟ್ಟಿ ನಿಲ್ಲುತ್ತೇನೆ. ಮೊದಲು ಈ ಪ್ರಶ್ನೆಗೆ ನೀವು ಉತ್ತರ ಹೇಳಿ, ಆಮೇಲೆ ನಿಮ್ಮ ಪ್ರಶ್ನೆಗಳನ್ನು ಕೇಳಿ.

ನಿಮ್ಮ ಹಳೆಯ ಮೇಷ್ಟ್ರು, ಹೊಸ ವಿದ್ಯಾರ್ಥಿ
ದೊಡ್ಡಪಾಲಯ್ಯ

ಮರೆತಿದ್ದು: ಮರೆತದ್ದಲ್ಲ, ಈಗಷ್ಟೇ ನಡೆದದ್ದು. ಇಫ್ತಿಕಾರ್ ಮೇಷ್ಟ್ರನ್ನು ಗೇಟಿನಲ್ಲಿ ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ. ತೇಜಶ್ರೀ ಬಂದಿದ್ದಳು. ರಾತ್ರಿಯಿಂದ ಅಪ್ಪ ಊಟ ಬಿಟ್ಟು ಕೂತಿದ್ದಾನಂತೆ. "ಇನ್ನು ಹೇಳಾಣ ಸಾರ್" ಎಂದಳು. "ಆದ್ರೆ ನಾನು ಹೇಳಿದ್ರೆ ನೆಪ ಅಂತಾನೆ, ನೀವು ಹೇಳಿದ್ರೆ ನಾಟಕ ಅಂತಾನೆ. ನಾಳೆ ಬೆಳಿಗ್ಗೆ ಮನೆಗೆ ಬರ್ರಿ. ಮಗ್ಗ ನಿಲ್ಸ್ರಿ. ನಾನು ಗೋಡೆ ಕಡೆ ಮುಖ ಮಾಡಿ ನಿಂತ್ಕಂತೀನಿ. ಅಪ್ಪಾನೇ ನನ್ನ ಮೆಲ್ಲಗೆ ಕರೀಲಿ."

ಅದನ್ನು ಮುಗಿಸಿ ಹನ್ನೊಂದಕ್ಕೆ ಚಳ್ಳಕೆರೆ ಮುಟ್ಟಲಾಗದು. ಆದ್ದರಿಂದ ಮೌಖಿಕ ಪರೀಕ್ಷೆಗೆ ನಾನು ಬರುವುದಿಲ್ಲ, ಮೇಡಂ. ನನ್ನ ಹೆಸರಿನ ಮುಂದೆ ಗೈರು ಎಂದು ಬರೆದುಕೊಳ್ಳಿ. ನಾಳೆ ಬೆಳಿಗ್ಗೆ ದೇವಸಮುದ್ರದಿಂದ ಮೊದಲನೇ ಬಸ್ಸಿಗೆ ಹೊರಟು ಮಾರಣ್ಣನ ಮನೆಗೆ ಹೋಗುತ್ತೇನೆ. ಮಗ್ಗ ನಿಲ್ಲಿಸಲು ಹೇಳುತ್ತೇನೆ. ಅವನು ಮಗಳ ಹೆಸರು ಹಿಡಿದು ಕರೆಯುವಾಗ, ಅವಳು ತಿರುಗದಿದ್ದಾಗ, ಮತ್ತೊಮ್ಮೆ ಕರೆಯುವಾಗ, ಅವನ ಪಕ್ಕದಲ್ಲಿ ಕೂತಿರುತ್ತೇನೆ, ನೀವು ಕಲಿಸಿದ ಹಾಗೆ, ಒಂದು ಮಾತೂ ಆಡದೆ.