ತಿಥಿಯ ದಿನ ಊದದಿದ್ದುದಕ್ಕೆ

ಆರ್.ಕೆ.ಪುರಂ, ನವದೆಹಲಿ
2-4-2025

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು.

ಮಂಡಿನೋವು ಹೇಗಿದೆ? ಶಾರದಕ್ಕನ ಮನೆಯಲ್ಲಿ ಮೆಟ್ಟಿಲು ಹತ್ತಬೇಡ ಎಂದರೆ ನೀನು ಕೇಳುವವಳಲ್ಲ, ಆದರೂ ಬರೆಯುತ್ತೇನೆ. ನಿನ್ನ ಸೊಸೆ ಜಲಜಾ ಕಳಿಸಿದ ಎಣ್ಣೆ ಹಚ್ಚಿಕೋ. ತನ್ವಿಯ ಪರೀಕ್ಷೆ ಮುಗಿಯಿತು. ಫೋನಿನಲ್ಲಿ ಹೇಳಲಾಗದ್ದು ಒಂದಿದೆ, ಅದಕ್ಕೇ ಈ ಕಾಗದ.

ಅಪ್ಪನ ತಿಥಿ ಸಾಂಗವಾಗಿ ಆಯಿತು ಎಂದು ಅವತ್ತು ನಿನಗೆ ಸುಳ್ಳು ಹೇಳಿದೆ. ಆಗಲಿಲ್ಲ ಅಮ್ಮಾ. ಈ ಸಲ ತಿಥಿ ಇಲ್ಲಿನ ಹೋಳಿಯ ದಿನವೇ ಬಿತ್ತು. ಬೆಳಿಗ್ಗೆ ಒಂದು ಆಟೋವೂ ಇರಲಿಲ್ಲ. ಪುರೋಹಿತ ಅನಂತಮೂರ್ತಿಯವರನ್ನು ಕರೆತರಲು ನಾನೇ ಸ್ಕೂಟರ್‌ನಲ್ಲಿ ವಸಂತ್ ಕುಂಜ್‌ಗೆ ಹೊರಟೆ. ದಾರಿಯಲ್ಲಿ ಪೊಲೀಸರು ಎಲ್ಲರನ್ನೂ ನಿಲ್ಲಿಸಿ, ಕುಡಿದಿದ್ದಾರೆಯೇ ಎಂದು ನೋಡಲು ಯಂತ್ರಕ್ಕೆ ಊದಿಸುತ್ತಿದ್ದರು. ರಾತ್ರಿಯಿಂದ ಉಪವಾಸ, ಪಿಂಡ ಇಡುವವರೆಗೆ ಬಾಯಿಗೆ ಏನೂ ತಾಗಬಾರದು. ಕಂಡವರ ಬಾಯಿಗಿಟ್ಟ ಯಂತ್ರಕ್ಕೆ ನಾನು ಬಾಯಿ ಇಡುವುದೇ? ಪೇದೆ ಒಳ್ಳೆಯವನೇ, ‘ನಯಾ ಪೈಪ್ ಹೈ ಭಯ್ಯಾ, ಫೂಂಕ್ ದೋ’, ಹೊಸ ಪೈಪು, ಊದಿಬಿಡು, ಎಂದು ಮೂರು ಸಲ ಹೇಳಿದ. ಮಧ್ಯಾಹ್ನದ ಮೇಲೆ ಬಂದು ನೂರು ಸಲ ಊದುತ್ತೇನೆ ಎಂದೆ. ಅವರು ನಕ್ಕರು. ನಾನು ಹಟ ಹಿಡಿದೆ. ನಿನ್ನ ಮಗ ತಾನೇ.

ಹಿಡಿದು ಆಸ್ಪತ್ರೆಗೆ ಕರೆದೊಯ್ದರು. ರಕ್ತ ಕೊಡು, ಗೊತ್ತಾಗುತ್ತದೆ ಎಂದರು. ಶ್ರಾದ್ಧಕ್ಕೆ ಮುಂಚೆ ಮೈಯಿಂದ ರಕ್ತ ಬರಬಾರದೆಂದು ಅದಕ್ಕೂ ಬೇಡ ಎಂದೆ. ಅದನ್ನೂ ಬರೆದುಕೊಂಡರು. ಸಂಜೆ, ತಿಥಿಯ ಹೊತ್ತು ಮೀರಿದ ಮೇಲೆ, ಈಗ ಎಷ್ಟು ಬೇಕಾದರೂ ರಕ್ತ ತೆಗೆಯಿರಿ ಎಂದು ಕೈಮುಗಿದೆ. ಇಷ್ಟು ಹೊತ್ತಾದ ಮೇಲೆ ರಕ್ತದಲ್ಲಿ ಏನೂ ಗೊತ್ತಾಗುವುದಿಲ್ಲ, ಇನ್ನು ಪ್ರಯೋಜನವಿಲ್ಲ ಎಂದರು. ಅನಂತಮೂರ್ತಿಯವರು ಕಾದು ಕಾದು ಊಟ ಮಾಡಿಬಿಟ್ಟಿದ್ದರಂತೆ. ಜಾಮೀನಿನ ಮೇಲೆ ಮನೆಗೆ ಬಂದಾಗ ಮಾಡಿದ ಅಡುಗೆಯೆಲ್ಲ ಹಾಗೇ ಇತ್ತು. ‘ಪಪ್ಪಾ, ಏಕ್ ಬಾರ್ ಫೂಂಕ್ ದೇತೇ ನಾ’, ಒಂದೇ ಒಂದು ಸಲ ಊದಿಬಿಡಬಾರದಿತ್ತೇ, ಎಂದು ತನ್ವಿ ಅತ್ತಳು.

ವಕೀಲ ಮಹಂತೇಶ್ ನಮ್ಮ ಕಡೆಯವರೇ. ತಕ್ಕ ಕಾರಣವಿಲ್ಲದೆ ಊದಲು ಒಪ್ಪದಿದ್ದರೆ, ಅದನ್ನೇ ಕುಡಿದಿದ್ದಕ್ಕೆ ಪೂರಕ ಸಾಕ್ಷಿಯೆಂದು ಕೋರ್ಟು ಹಿಡಿಯಬಹುದಂತೆ. ತಿಥಿ ತಕ್ಕ ಕಾರಣವಲ್ಲವೇ ಎಂದೆ. ಕೋರ್ಟು ಅದನ್ನು ಒಪ್ಪುವುದು ಕಷ್ಟ ಎಂದರು. ಹೋರಾಡಿ ಸೋತರೆ ಆರು ತಿಂಗಳವರೆಗೂ ಜೈಲಾಗಬಹುದು, ಕುಡಿದಿದ್ದೆ ಎಂದು ಒಪ್ಪಿಕೊಂಡರೆ ಬಹುಶಃ ದಂಡದಲ್ಲಿ ಮುಗಿಯುತ್ತದೆ ಎನ್ನುತ್ತಾರೆ. ಆದರೆ ಲೈಸೆನ್ಸ್ ಹೋಗುತ್ತದೆ. ಇಪ್ಪತ್ತೆರಡು ವರ್ಷ ಸರ್ಕಾರಿ ಕಾರು ಓಡಿಸಿದವನಿಗೆ ಲೈಸೆನ್ಸ್ ಬಿಟ್ಟು ಇನ್ನೇನಿದೆ? ಈಗಲೇ ಕಚೇರಿಯಲ್ಲಿ ಕೀಲಿ ವಾಪಸು ತೆಗೆದುಕೊಂಡಿದ್ದಾರೆ. ಸಾಹೇಬರು ನನ್ನ ಮುಖ ನೋಡುತ್ತಿಲ್ಲ.

ಅಪ್ಪ ಕುಡಿದು ಕುಡಿದೇ ಹೋದರು. ಆಮೇಲೆ ನಾನು ಗ್ಯಾರೇಜಿನಿಂದ ಬಂದ ಕೂಡಲೇ ನೀನು ಬಾಗಿಲಲ್ಲೇ ನಿಲ್ಲಿಸಿ ‘ಎಲ್ಲಿ, ಊದು’ ಎನ್ನುತ್ತಿದ್ದೆ. ಹೋದ ದೀಪಾವಳಿಗೆ ಬಂದಾಗಲೂ, ನರೆತ ಮೀಸೆಯ ಮಗನನ್ನು, ಎಲ್ಲರೆದುರು ಊದಿಸಿದೆ. ನಾನು ಒಮ್ಮೆಯೂ ಬೇಡ ಎಂದವನಲ್ಲ. ಇದನ್ನು ಯಾವ ಕೋರ್ಟಿಗೆ ಹೇಳಲಿ? ನನಗೆ ಸಾಕಾಗಿದೆ ಅಮ್ಮಾ.

ಶಾರದಕ್ಕ, ಭಾವನಿಗೆ ನಮಸ್ಕಾರ ತಿಳಿಸು. ಮಾತ್ರೆ ಮರೆಯಬೇಡ.

ನಿನ್ನ ಮಗ,
ಚಂದ್ರಮೋಹನ

ಮ.ವಿ: ಲಕೋಟೆ ಅಂಟಿಸುವ ಮೊದಲು ಇಷ್ಟು ಬರೆಯುತ್ತೇನೆ. ನಾಳೆ ಕೋರ್ಟಿನಲ್ಲಿ ಒಪ್ಪಿಕೊಳ್ಳುತ್ತೇನೆ. ಜೈಲಿಗೆ ಹೋಗುವ ಧೈರ್ಯ ನನಗಿಲ್ಲ, ತನ್ವಿ ಇನ್ನೂ ಚಿಕ್ಕವಳು. ಮುಂದಿನ ವರ್ಷದಿಂದ ಅಪ್ಪನ ತಿಥಿಯನ್ನು ತಮ್ಮ ಶ್ರೀವತ್ಸನೇ ಮಾಡಲಿ, ನೀನೇ ಅವನಿಗೆ ಹೇಳು. ಅಪ್ಪನ ತಿಥಿಯ ದಿನ ಕುಡಿದಿದ್ದೆ ಎಂದು ಸಹಿ ಹಾಕಿದ ಕೈಯಿಂದ ನಾನು ಪಿಂಡ ಇಡಲಾರೆ.