ಸಿದ್ದಕ್ಕನ ಎಡಗೈ

ಅರಳಗುಪ್ಪೆ
೧೮ ಜೂನ್ ೨೦೨೫

ಪ್ರೀತಿಯ ನಿರ್ಮಲಕ್ಕನಿಗೆ,

ತಮ್ಮ ಗಂಗಾಧರನ ನಮಸ್ಕಾರಗಳು. ಇಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ. ಭಾವನವರ ಮಂಡಿನೋವು ಹೇಗಿದೆ? ದಾವಣಗೆರೆಯಲ್ಲಿ ಮಳೆ ಶುರುವಾಯಿತೇ?

ಮಗಳು ಧನ್ಯಶ್ರೀಗೆ ಡಿಸೈನ್ ಕಾಲೇಜಿನಲ್ಲಿ ಸೀಟು ಸಿಕ್ಕಿತು ಎಂದು ಫೋನ್ ಮಾಡಿದಾಗ ನೀನು, “ಅದೇನು ಓದೋ, ಹೆಂಗೆ ಸಿಕ್ತೋ, ಎಲ್ಲಾ ಬಿಡಿಸಿ ಹೇಳು” ಎಂದೆ. ಕಾಗದ ಬರೆಯುತ್ತೇನೆ ಎಂದದ್ದಕ್ಕೆ ನೀನು ನಕ್ಕುಬಿಟ್ಟೆ. ಅದಾಗಿ ಮೂರು ವಾರ ಕಳೆದಿದೆ. ತೋಟದ ಕೆಲಸವಿತ್ತು ಎಂದು ಸುಳ್ಳು ಹೇಳುವುದಿಲ್ಲ. ಎರಡು ಸಲ ಬರೆದು ಹರಿದು ಹಾಕಿದೆ. ಫೋನಿನಲ್ಲಾದರೆ ನೀನು ನಡುವೆ ಏನಾದರೂ ಕೇಳುತ್ತೀಯ, ನಾನು ಮಾತು ತಿರುಗಿಸಿಬಿಡುತ್ತೇನೆ. ಅದಕ್ಕೇ ಕಾಗದ.

ಆ ಓದಿಗೆ ಇಂಡಸ್ಟ್ರಿಯಲ್ ಡಿಸೈನ್ ಎನ್ನುತ್ತಾರೆ. ಕುರ್ಚಿ, ಮಿಕ್ಸಿ, ಔಷಧಿ ಹೊಡೆಯುವ ಸ್ಪ್ರೇಯರು, ಹೀಗೆ ನಾವು ದಿನಾ ಮುಟ್ಟುವ ವಸ್ತುಗಳು ಮನುಷ್ಯನ ಮೈಕೈಗೆ ಒಗ್ಗುವಂತೆ ರೂಪಿಸುವುದನ್ನು ಕಲಿಸುತ್ತಾರಂತೆ. ಸೇರಲು ಪರೀಕ್ಷೆಯ ಅಂಕವೊಂದೇ ಸಾಲದು. ಪೋರ್ಟ್‌ಫೋಲಿಯೊ ಎಂದು ಇಪ್ಪತ್ತು ಪುಟದ ಪುಸ್ತಕ ಮಾಡಿ ಕಳಿಸಬೇಕು. ಅದರಲ್ಲಿ ತಾನು ಮಾಡಿದ್ದು, ಕೆಡಿಸಿದ್ದು, ಮತ್ತೆ ಮಾಡಿದ್ದು ಎಲ್ಲ ಇರಬೇಕು.

ಧನ್ಯ ಮೊದಲು ಕಾರು, ಬೈಕು, ಕೈಗಡಿಯಾರ ಬರೆದಳು. ಫೋಟೊ ತೆಗೆದಂತೆ ಇದ್ದವು. ನಾನು ಬಂದವರಿಗೆಲ್ಲ ತೋರಿಸಿದೆ. ತಿಪಟೂರಿನಲ್ಲಿ ಅವಳಿಗೆ ಚಿತ್ರ ಕಲಿಸುವ ರಂಗನಾಥ್ ಮೇಷ್ಟ್ರು ಮಾತ್ರ ಒಂದೊಂದೇ ಹಾಳೆ ಮಗುಚಿ ನೋಡಿ, “ಚೆನ್ನಾಗವೆ ಕಣಮ್ಮ. ಆದ್ರೆ ಇವು ಯಾರಿಗೆ ಬೇಕು ಅಂತ ಬರ್ದೆ?” ಎಂದರಂತೆ. ಮನೆಗೆ ಬಂದವಳು ಊಟ ಮಾಡಲಿಲ್ಲ. ಮಾರನೆಯ ದಿನ ಹಿತ್ತಲಿಗೆ ಹೋಗಿ ಸಿದ್ದಕ್ಕನ ಎದುರು ಕುಳಿತಳು.

ಸಿದ್ದಕ್ಕ ಈಗಲೂ ನಮ್ಮ ಮನೆಗೆ ಕೊಬ್ಬರಿ ಕೆಲಸಕ್ಕೆ ಬರುತ್ತಾಳೆ. ಅಟ್ಟದಲ್ಲಿ ವರ್ಷವಿಡೀ ಒಣಗಿದ ಕಾಯಿಯನ್ನು ಎಡಗೈಯಲ್ಲಿ ಹಿಡಿದು, ಮಚ್ಚಿನಿಂದ ತಟ್ಟಿ ತಟ್ಟಿ, ಒಳಗಿನ ಉಂಡೆ ಒಡೆಯದ ಹಾಗೆ ಕರಟ ಬಿಡಿಸುತ್ತಾಳಲ್ಲ, ಅದನ್ನು ಧನ್ಯ ನಾಲ್ಕು ದಿನ ಸುಮ್ಮನೆ ನೋಡಿದಳು. ಐದನೆಯ ದಿನ ಒಂದು ಹಾಳೆಯ ಮೇಲೆ ಅವಳ ಎರಡೂ ಕೈ ಇಡಿಸಿ, ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆದಳು. ಬೆರಳು ಮಡಚಿಸಿ ಅಳತೆ ತೆಗೆದಳು. ಎಡಗೈಯ ಹೆಬ್ಬೆರಳು ಮಡಚಲೇ ಇಲ್ಲ. ಕಟ್ಟಿಗೆಯ ಚೂರಿನಂತೆ ನೆಟ್ಟಗೆ ನಿಂತಿತ್ತು.

“ಅಪ್ಪ, ಇದು ನಿನಗೆ ಗೊತ್ತಿತ್ತಾ? ಸಿದ್ದಕ್ಕ ಇಷ್ಟು ವರ್ಷ ನಾಲ್ಕು ಬೆರಳಲ್ಲೇ ಕಾಯಿ ಹಿಡಿದಿದ್ದಾಳೆ” ಎಂದಳು.

ಹೇಗಾಯಿತು ಎಂದು ಅವಳನ್ನೇ ಕೇಳಿದ್ದಕ್ಕೆ ಸಿದ್ದಕ್ಕ, “ಕೆಲ್ಸ ಮಾಡೋ ಕೈ ಕಣವ್ವ, ಏನಾರಾ ಒಂದು ಆಯ್ತದೆ ಬುಡು” ಎಂದಳು. ನಾನು ಅಲ್ಲೇ ಕಾಯಿ ಎಣಿಸುತ್ತಿದ್ದೆ. ಧನ್ಯ ನನ್ನ ಕಡೆ ತಿರುಗಿದಳು. ನಾನು ತಲೆ ಎತ್ತದೆ, “ದಂಡಿನಶಿವರದ ಕಡೆ ಯಾರದೋ ತೋಟಕ್ಕೆ ಹೋಗಿದ್ದಾಗ ಆಗಿದ್ದು” ಎಂದುಬಿಟ್ಟೆ. ಸಿದ್ದಕ್ಕ ಒಂದು ಗಳಿಗೆ ಮಚ್ಚು ನಿಲ್ಲಿಸಿದಳು. ಆಮೇಲೆ ಮತ್ತೆ ತಟ್ಟತೊಡಗಿದಳು.

ಅಲ್ಲಿಂದ ಎರಡೂವರೆ ತಿಂಗಳು ಮನೆಯಲ್ಲಿ ಅದೇ ಕೆಲಸ. ಕಾಯಿಯನ್ನು ಕೈಯಲ್ಲಿ ಹಿಡಿಯದೆ ಕೂರಿಸಲು ಧನ್ಯ ಒಂದು ಬಟ್ಟಲು ಮಾಡಲು ಹೊರಟಳು. ಕಿಬ್ಬನಹಳ್ಳಿಯ ಬಡಗಿ ದುರ್ಗಯ್ಯ ಹಲಸಿನ ಮರದಲ್ಲಿ ಕೊರೆದುಕೊಟ್ಟ. ಸಿದ್ದಕ್ಕ ಅದರಲ್ಲಿ ಎರಡು ಕಾಯಿ ಬಿಡಿಸಿ ಬಟ್ಟಲನ್ನು ಪಕ್ಕಕ್ಕಿಟ್ಟಳು. “ತಟ್ಟಿದಂಗೆಲ್ಲ ಕಾಯಿ ತಿರುಗ್ಬೇಕು ಕಣವ್ವ. ಕೈ ತಿರುಗುಸ್ತದೆ. ನಿನ್ನ ಬಟ್ಲು ತಿರುಗುಸ್ತದಾ?” ಎಂದಳು. ಧನ್ಯ ಆ ಮಾತನ್ನು ಹಾಗೇ ಪುಸ್ತಕದಲ್ಲಿ ಬರೆದುಕೊಂಡಳು. ಎರಡನೆಯದಕ್ಕೆ ಒಳಗೆ ಸೈಕಲ್ ಟ್ಯೂಬಿನ ಪಟ್ಟಿ ಹೊಡೆದಳು, ಕಾಯಿ ಕಚ್ಚಿಕೊಂಡು ಕೂತಿತು, ತಿರುಗಲೇ ಇಲ್ಲ. ಮೂರನೆಯದರಲ್ಲಿ ಬಟ್ಟಲನ್ನು ಮಣೆಯ ಮೇಲೆ ಕೂರಿಸಿ, ಕಾಲಿನ ಹೆಬ್ಬೆರಳಿನಿಂದ ನೂಕಿದರೆ ತಿರುಗುವಂತೆ ಮಾಡಿದಳು. ಸಿದ್ದಕ್ಕ ಅವತ್ತು ಇಡೀ ದಿನ ಅದರಲ್ಲೇ ಕೆಲಸ ಮಾಡಿದಳು. ಸಂಜೆ ಎದ್ದು ಸೆರಗು ಕೊಡವಿಕೊಂಡು, “ಇವತ್ತು ಕೈ ಉರೀತಿಲ್ಲ” ಎಂದಳು. ಅಕ್ಕ, ನನ್ನ ಮಗಳು ಅತ್ತಳು. ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲು ಬಂದಾಗಲೂ ಅವಳು ಅತ್ತಿರಲಿಲ್ಲ.

ಪುಸ್ತಕ ಕಳಿಸುವ ಹಿಂದಿನ ದಿನ. ಯಾರ ಬಗ್ಗೆ ಬರೆದಿದ್ದೀರೋ ಅವರ ಒಪ್ಪಿಗೆ ಇರಬೇಕೆಂದು ಕಾಲೇಜಿನವರ ನಿಯಮ. ಧನ್ಯ ಜಗಲಿಯ ಮೇಲೆ ಸಿದ್ದಕ್ಕನನ್ನು ಕೂರಿಸಿಕೊಂಡು ಇಂಗ್ಲಿಷಿನಲ್ಲಿದ್ದುದನ್ನೆಲ್ಲ ಕನ್ನಡದಲ್ಲಿ ಓದಿ ಹೇಳಿದಳು. ತನ್ನ ಕೈಯ ಗೆರೆಚಿತ್ರ ಬಂದಾಗ ಸಿದ್ದಕ್ಕ ಹಾಳೆಯನ್ನು ಹತ್ತಿರ ಹಿಡಿದು ನೋಡಿದಳು. ಅದರ ಕೆಳಗೆ, ದಂಡಿನಶಿವರದ ತೋಟವೊಂದರಲ್ಲಿ ಆದ ಗಾಯ ಎಂದಿತ್ತು. ಅದನ್ನು ಕೇಳಿ ಸಿದ್ದಕ್ಕ ಹಾಳೆಯನ್ನು ಕೆಳಗಿಟ್ಟಳು. “ಅವ್ವ, ಮಿಕ್ಕಿದ್ದೆಲ್ಲಾ ದಿಟ. ನಾನು ದಂಡಿನಶಿವರಕ್ಕೆ ಒಂದ್ ದಿನಾನೂ ಕೆಲ್ಸಕ್ಕೆ ಹೋಗಿಲ್ಲ. ಅದೊಂದು ಸಾಲು ಬುಟ್ಬುಡು, ಹೆಬ್ಬೆಟ್ಟು ಒತ್ತೀನಿ” ಎಂದಳು.

ನನ್ನ ಹೆಸರು ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ನಾನು ಬಾಗಿಲಲ್ಲೇ ನಿಂತಿದ್ದೆ.

ಅವಳು ಹೋದ ಮೇಲೆ ಧನ್ಯ, “ಯಾಕಪ್ಪ ಸುಳ್ಳು ಹೇಳ್ದೆ?” ಎಂದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಕೂಗಿ ತಪ್ಪಿಸಿಕೊಳ್ಳುತ್ತಿದ್ದೆನೇನೋ. ಹೇಳಿದೆ. ಗಾಯವಾದದ್ದು ನಮ್ಮ ಹಿತ್ತಲಲ್ಲೇ, ಆಸ್ಪತ್ರೆಗೆ ಕರೆದೊಯ್ಯಬೇಕಾದವನು ನಾನೇ, ಕರೆದೊಯ್ಯಲಿಲ್ಲ ಎಂದು. ಗಾಯವಾದ ಮೂರನೆಯ ದಿನ ಸಿದ್ದಕ್ಕ ತಾನೇ ಬಸ್ಸು ಹತ್ತಿ ತಿಪಟೂರಿಗೆ ಹೋದಳು. ನರ ತುಂಡಾಗಿದೆ, ಅವತ್ತೇ ಬಂದಿದ್ದರೆ ಕೂಡಿಸಬಹುದಿತ್ತು ಎಂದು ಡಾಕ್ಟರು ಹೇಳಿ ಕಳಿಸಿದರು.

ಧನ್ಯ ಆ ಸಾಲು ಹೊಡೆದುಹಾಕಿ ಬೇರೆ ಬರೆದಳು: “ಈ ಗಾಯ ನಮ್ಮ ಮನೆಯಲ್ಲಿ ಆದದ್ದು. ನಮ್ಮ ಮನೆಯವರು ಚಿಕಿತ್ಸೆಗೆ ತಡ ಮಾಡಿದ್ದರಿಂದ ಈ ಬೆರಳು ಮಡಚುವುದಿಲ್ಲ.”

“ಸಾಲು ತೆಗಿ ಅಂದ್ಲು ಅಷ್ಟೇ ತಾನೇ? ತೆಗೆದುಬಿಡು, ಸಾಕು. ಇದನ್ನೆಲ್ಲಾ ಓದಿ ಅವರು ಸೀಟು ಕೊಡದಿದ್ರೆ?” ಎಂದೆ.

“ಇಪ್ಪತ್ತು ಪುಟಾನೂ ಆ ಕೈಯಿಂದಾನೇ ಆಗಿರೋದು ಅಪ್ಪ. ಸೀಟು ಹೋದ್ರೆ ಹೋಗ್ಲಿ” ಎಂದಳು. ಬೆಳಿಗ್ಗೆ ಸಿದ್ದಕ್ಕನ ಮನೆಗೇ ಹೋಗಿ ಹೊಸ ಸಾಲನ್ನು ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದಳು. ನನ್ನೊಡನೆ ಹನ್ನೆರಡು ದಿನ ಮಾತಾಡಲಿಲ್ಲ. ಅವಳ ಅಮ್ಮ ನಡುವೆ ನಿಂತು ಇಬ್ಬರನ್ನೂ ಊಟಕ್ಕೆ ಕರೆಯುತ್ತಿದ್ದಳು.

ಸಂದರ್ಶನಕ್ಕೆ ಬೆಂಗಳೂರಿಗೆ ಕರೆದರು, ನಾನೇ ಕರೆದುಕೊಂಡು ಹೋದೆ. ಒಳಗೆ ಮೂರು ಜನ ಇದ್ದರಂತೆ. ಒಬ್ಬ ಹೆಂಗಸು ಆ ಪುಟವನ್ನೇ ತೆಗೆದು, ನಿನ್ನ ಈ ಮಣೆಯಿಂದ ಆಕೆಯ ಕೈ ಸರಿಹೋಯಿತೇ ಎಂದು ಕೇಳಿದರಂತೆ. ಧನ್ಯ, “ಇಲ್ಲ ಮೇಡಂ. ಸರಿಮಾಡೋ ಹೊತ್ತು ನಮ್ಮನೆಯವರೇ ಕಳೆದುಬಿಟ್ಟರು. ಇದರಿಂದ ನೋವು ಕಡಿಮೆಯಾಗುತ್ತೆ, ಅಷ್ಟೇ” ಎಂದಳಂತೆ. ವಾಪಸು ಬರುವಾಗ ಬಸ್ಸಿನಲ್ಲಿ ಇದನ್ನು ಹೇಳಿದಳು. ಹನ್ನೆರಡು ದಿನದ ಮೇಲೆ ಅದೇ ಮೊದಲ ಮಾತು. ಹೇಳಿ, ಕಿಟಕಿಯ ಕಡೆ ತಿರುಗಿ ಕುಳಿತಳು. 

ಸೀಟು ಸಿಕ್ಕಿತು. ಜುಲೈ ಕೊನೆಗೆ ಹೊರಡುತ್ತಾಳೆ. ಊರಿನವರು ಬಂದು ಬಂದು ಅಭಿನಂದಿಸುತ್ತಿದ್ದಾರೆ, ಕಾಫಿ ಕುಡಿದು ಹೋಗುತ್ತಿದ್ದಾರೆ. ನಾನು ಎಲ್ಲರೆದುರು ನಗುತ್ತೇನೆ.

ಹೊರಡುವ ಮುಂಚೆ ಒಂದು ಸಲ ಬಂದು ಸೊಸೆಯ ತಲೆಯ ಮೇಲೆ ಕೈಯಿಟ್ಟು ಹರಸಿ ಹೋಗು. ಅವಳಿಗೆ ನೀನೆಂದರೆ ಪ್ರಾಣ. ಭಾವನವರಿಗೆ ನಮ್ಮೆಲ್ಲರ ನಮಸ್ಕಾರ, ಮಕ್ಕಳಿಗೆ ನನ್ನ ಆಶೀರ್ವಾದ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿನ್ನ ತಮ್ಮ,
ಗಂಗಾಧರ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಆಗದೆ ಉಳಿದದ್ದು:

ಅಕ್ಕ, ಸಿದ್ದಕ್ಕನ ಕೈಗೆ ಗಾಯವಾದದ್ದು ಯಾವ ದಿನವೆಂದು ನಾನು ಬರೆಯಲಿಲ್ಲ. ಅದು ನಿನ್ನ ಮದುವೆಯ ದಿನ. ಅಡುಗೆಯವರಿಗೆ ಕಾಯಿ ಒಡೆದುಕೊಡುತ್ತಿದ್ದಾಗ ಮಚ್ಚು ಜಾರಿತು. ಜೀಪು ನನ್ನ ಕೈಯಲ್ಲಿತ್ತು. ಕರೆದುಕೊಂಡು ಹೋಗು ಎಂದು ಅಪ್ಪ ಹೇಳಿಯೂ ಇದ್ದರು. ಧಾರೆಯ ಹೊತ್ತು, ಬೀಗರ ಎದುರು ರಕ್ತ ಕಾಣಬಾರದು ಎಂದುಕೊಂಡು ಅರಿಸಿನ ಮೆತ್ತಿ ಬಟ್ಟೆ ಸುತ್ತಿ, ಕೊಟ್ಟಿಗೆಯಲ್ಲಿ ಕೂತಿರು, ಈಚೆ ಬರಬೇಡ ಎಂದೆ. ಕೂತೇ ಇದ್ದಳು. ನನಗೆ ಹತ್ತೊಂಬತ್ತು ವರ್ಷ. ಅದನ್ನು ನೆಪವೆಂದು ಬರೆಯುತ್ತಿಲ್ಲ.

ನೀನು ಹೊರಡುವಾಗ ಎರಡು ಸಲ ಕೇಳಿದೆ, ಸಿದ್ದಿ ಎಲ್ಲೋ, ಸಿದ್ದಿ ಬರಲಿಲ್ಲವಲ್ಲೋ ಎಂದು. ಚಿಕ್ಕಂದಿನಿಂದ ಜೊತೆಗೇ ಆಡಿದವರು ನೀವು. ನಾನು, ಅವಳಿಗೆ ಏನೋ ಕೋಪವಂತೆ, ಬರಲ್ಲ ಅಂದಳು ಎಂದೆ. ಅಲ್ಲಿಂದ ಇಪ್ಪತ್ತೆಂಟು ವರ್ಷ ನೀನು ತವರಿಗೆ ಬಂದಾಗಲೆಲ್ಲ ಅವಳ ಮುಂದೆಯೇ ಮುಖ ತಿರುಗಿಸಿಕೊಂಡು ಓಡಾಡಿದೆ. ಅವಳು ಒಂದು ಮಾತೂ ಆಡಲಿಲ್ಲ.

ಅವತ್ತು ನಿನಗೆ ಏನು ಹೇಳಿದ್ದೆ ಎಂಬುದನ್ನೂ, ಈಗ ನಿನಗೆ ಬರೆಯುತ್ತಿದ್ದೇನೆ ಎಂಬುದನ್ನೂ ನಿನ್ನೆ ಅವಳಿಗೆ ಹೇಳಿದೆ. ಕಾಲು ಹಿಡಿಯಲು ಬಗ್ಗಿದರೆ ಹಿಂದೆ ಸರಿದಳು. “ಬರೀರಪ್ಪ” ಎಂದಳು. “ನಾನು ಬರಲ್ಲ ಅಂದಿರ್ಲಿಲ್ಲ ಅಂತ ಬರೀರಿ ನಿಮ್ಮಕ್ಕಯ್ಯನಿಗೆ. ಅಷ್ಟು ಬರುದ್ರೆ ಸಾಕು.”